ಸಂಜೆಯೊಳಗೆ ಕಟ್ಟಬೇಕಾದ ಕೂದಲು

ಅಂಗಳ ಗುಡಿಸಿ ಆಗಿತ್ತು. ಆದರೂ ಚೀರು ಪೊರಕೆ ಹಿಡಿದು ಮತ್ತೆ ಬಾಗಿಲ ಮುಂದೆ ಬಂದಳು. ಬಗ್ಗಿ ಗುಡಿಸುವವಳ ಹಾಗೆ ಒಳಗೆ ನೋಡಿದಳು. ಕೆಲಸಕ್ಕೆ ರಜೆಯಿದ್ದ ಮಗಳು ಗೀತು ಹಾಗೆಯೇ ಮಲಗಿದ್ದಳು, ಮಗ್ಗುಲು ಬದಲಿಸದೆ, ಎದೆಯ ಮೇಲೆ ಯಾರೋ ತುಂಬಿದ ಬಟ್ಟಲು ಇಟ್ಟು ಹೋದಂತೆ. ತಲೆಯ ಕೆಳಗೆ ಟವೆಲು, ಟವೆಲಿನ ಮೇಲೆ ಹರಡಿದ ಕೂದಲು. ಒಂದರ ಪಕ್ಕ ಒಂದು ನೆಟ್ಟಗೆ ಬಿದ್ದ ಎಳೆಗಳು ಬಾಗಿಲಿನಿಂದ ಬಂದ ಬೆಳಕಿಗೆ ಮಿನುಗುತ್ತಿದ್ದವು. ಇದು ಯಾರ ಕೂದಲು ಎನ್ನುವ ಅನುಮಾನ ನಿನ್ನೆ ಸಂಜೆ ಹತ್ತಿದ್ದು ಇನ್ನೂ ಬಿಟ್ಟಿರಲಿಲ್ಲ. ನಿನ್ನೆ ಪುಲ್ಪಳ್ಳಿಯ ಬಸ್ಸು ಬರುವ ಹೊತ್ತಿಗೆ ಅವಳು ಎಂದಿನಂತೆ ಕಾಡಿನಂಚಿನ ತಿರುವಿಗೆ ಹೋಗಿ ನಿಂತಿದ್ದಳು. ಆನೆ ಓಡಾಡುವ ಹೊತ್ತು, ಮಗಳು ಒಬ್ಬಳೇ ನಡೆದು ಬರುವುದು ಬೇಡ. ಬಸ್ಸಿನಿಂದ ಇಳಿದದ್ದು ಒಬ್ಬಳೇ ಹುಡುಗಿ. ಚೀರು ಆ ಹುಡುಗಿಯನ್ನು ದಾಟಿ ಬಸ್ಸಿನ ಬಾಗಿಲನ್ನೇ ನೋಡಿದಳು, ಇನ್ನೊಬ್ಬಳು ಇಳಿಯುತ್ತಾಳೆಂದು. ಬಸ್ಸು ಹೊರಟುಹೋಯಿತು. "ಅವ್ವ, ಯಾರನ್ನ ನೋಡ್ತಿದ್ದಿ?" ಎಂದ ದನಿ ಗೀತುವಿನದು. ಹೆತ್ತವಳಿಗೇ ಗುರುತು ಸಿಗಲಿಲ್ಲವೆಂಬುದು ಮಗಳಿಗೆ ಗೊತ್ತಾಗಿಬಿಟ್ಟಿತಲ್ಲ ಎಂದು ಚೀರುವಿಗೆ ನಾಚಿಕೆಯಾಯಿತು. ಮರುಗಳಿಗೆಯೇ, ಗೊತ್ತಾಗಿ ಅವಳಿಗೆ ಸಂತೋಷವಾಯಿತೇನೋ ಎಂಬ ಸಂಶಯ. ಹೌದು, ತುಟಿಯ ಕೊನೆಯಲ್ಲೊಂದು ನಗೆ ಇತ್ತು. ಮನೆಯವರೆಗೂ ಅದು ಅಲ್ಲೇ ಇತ್ತು.

ಮನೆಗೆ ಬಂದ ಮೇಲೆ ವಾಸನೆ. ಕೊಳೆತ ಮೊಟ್ಟೆಯ ಮೇಲೆ ಸೆಂಟು ಚೆಲ್ಲಿದಂಥ ವಾಸನೆ. ಚೀರು ಮೂಗು ಹತ್ತಿರ ತಂದರೆ ಗೀತು ತಲೆ ಹಿಂದಕ್ಕೆ ಎಳೆದುಕೊಂಡಳು. ಮೂರು ದಿನ ಯಾರೂ ಕೈ ಇಡಬಾರದಂತೆ. ನೀರು ತಾಗಬಾರದು, ಎಣ್ಣೆ ತಾಗಬಾರದು, ಜಡೆ ಹಾಕಬಾರದು, ಗಂಟು ಕಟ್ಟಬಾರದು, ಕಿವಿಯ ಹಿಂದಕ್ಕೂ ಸಿಕ್ಕಿಸಬಾರದು. ಎಲ್ಲಿ ಕಟ್ಟಿದರೆ ಅಲ್ಲಿ ಕಟ್ಟಿದ ಗುರುತು ನಿಂತುಬಿಡುತ್ತದಂತೆ. ಹೇಳಿದವರು ಯಾರು? ಪಾರ್ಲರಿನವಳು. ಪಾರ್ಲರಿಗೆ ಕರೆದುಕೊಂಡು ಹೋದವರು ಯಾರು? ರೀನ. ಗೀತು ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ಅವಳ ಜೊತೆಗೇ ಸೀರೆ ತೋರಿಸುವ ಹುಡುಗಿ. ರೀನಳ ಕೂದಲು ಹುಟ್ಟಿನಿಂದ ನೆಟ್ಟಗೆ. ಹಾಗಿರುವವಳಿಗೆ ಇನ್ನೊಬ್ಬಳದನ್ನು ನೆಟ್ಟಗೆ ಮಾಡಿಸುವ ಉಸಾಬರಿ ಯಾಕೆ? ರೀನಳ ಹಿಂದೆ ಒಬ್ಬ ಗಂಡಸು ಇರಬೇಕು. ಆ ಗಂಡಸಿಗೆ ಗುಂಗುರು ಕೂದಲು ಆಗಿಬರುವುದಿಲ್ಲ. ಇವತ್ತು ಕೂದಲು, ನಾಳೆ ಮೈಬಣ್ಣ, ನಾಡಿದ್ದು ಈ ಮನೆ, ಆಮೇಲೆ ತಾನು. ಚೀರು ರಾತ್ರಿಯೆಲ್ಲ ಆ ಗಂಡಸಿಗೊಂದು ಮುಖ ಹುಡುಕಿದ್ದಳು. ಯಾವುದೂ ಸರಿಯಾಗಿ ಕೂರಲಿಲ್ಲ.

ಅದನ್ನು ಬೇಕಾದರೆ ಆಮೇಲೆ ಹುಡುಕಬಹುದಿತ್ತು. ಇವತ್ತಿನ ಸಂಕಟವೇ ಬೇರೆ. ಬೆಳಿಗ್ಗೆ ಅವಳ ಗಂಡ ಬೊಮ್ಮನ್, ಅವಳ ತಮ್ಮ ಕಣ್ಣನ್, ಇಬ್ಬರೂ ಹೆಜ್ಜೇನು ಇಳಿಸಲು ಕಾಡಿಗೆ ಹೋಗಿದ್ದರು. ಕತ್ತಲಾಗುವುದನ್ನೇ ಕಾದು ಒಬ್ಬ ಮರ ಹತ್ತುತ್ತಾನೆ, ಒಬ್ಬ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಹಿಡಿಯುವವನು ಹತ್ತುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಸ್ವಂತ ಅಣ್ಣತಮ್ಮಂದಿರ ಕೈಗೆ ಹಗ್ಗ ಕೊಡುವಂತಿಲ್ಲ. ಅವರಿಗೆ ಅವನ ಹೆಂಡತಿಯ ಮೇಲೆ ಕಣ್ಣಿರಬಹುದು, ಹೆಂಡತಿಯ ಒಡಹುಟ್ಟಿದವನಾದರೆ ತನ್ನ ಅಕ್ಕತಂಗಿಯನ್ನು ತಾನೇ ಮುಂಡೆ ಮಾಡಲಾರ. ಹಾಡಿಯ ಹಿರಿಯರು ಇಷ್ಟೆಲ್ಲ ಅನುಮಾನಪಟ್ಟು ಮಾಡಿದ ಕಟ್ಟಳೆ. ಅದಕ್ಕೇ ಚೀರುವಿಗೆ ಅದರ ಮೇಲೆ ನಂಬಿಕೆ. ಬೊಮ್ಮನ್‌ನ ತಂಗಿ ಅಮ್ಮಾಳುವನ್ನೇ ಕಣ್ಣನ್‌ಗೆ ತಂದದ್ದು, ಕೊಟ್ಟು ತಂದ ಸಂಬಂಧ. ಹಾಗಾಗಿ ಇಬ್ಬರಲ್ಲಿ ಯಾರು ಹತ್ತಿ ಯಾರು ಹಿಡಿದರೂ ತಪ್ಪಿಲ್ಲ. ಆದರೆ ಹತ್ತುವುದು ಯಾವತ್ತೂ ಬೊಮ್ಮನ್. ಮದುವೆಗೆ ಮುಂಚಿನಿಂದಲೂ ಅವನೇ. ಇನ್ನು ಹತ್ತುವವನ ಮನೆಯ ಹೆಣ್ಣುಗಳು ಕತ್ತಲಿಗೆ ಮುಂಚೆ ತಲೆ ಕಟ್ಟಿಕೊಳ್ಳಬೇಕು, ಒಂದು ಎಳೆಯೂ ಹಾರದಂತೆ. ಅವನು ವಾಪಸು ಬಂದು ಅಂಗಳದಲ್ಲಿ ಕೂರುವವರೆಗೆ ಬಿಚ್ಚಬಾರದು. ಇಲ್ಲಿ ಸಡಿಲವಾದದ್ದು ಅಲ್ಲಿಯೂ ಸಡಿಲವಾಗುತ್ತದೆ. ಹಗ್ಗ ಹಿಡಿಯುವವನ ಮನೆಯಲ್ಲಿ ಈ ಕಟ್ಟಳೆಯಿಲ್ಲ. ಇದೆಲ್ಲ ಬೊಮ್ಮನ್‌ಗೆ ಗೊತ್ತಿಲ್ಲದ್ದೇ? ಆದರೂ ಬೆಳಿಗ್ಗೆ ಹೊರಡುವಾಗ ಮಗಳ ತಲೆ ನೋಡಿ, "ಚೆನ್ನಾಗದೆ" ಎಂದ. ಚೀರು ಕಣ್ಣು ಕೆಕ್ಕರಿಸಿದಳು. ಅವನು ಕತ್ತಿ ಹುಡುಕುವವನ ಹಾಗೆ ಬೇರೆ ಕಡೆ ತಿರುಗಿ, "ಇರಲಿ ಬಿಡು, ಒಂದು ಸಲ" ಎಂದ. ಮರ ಹತ್ತುವವನು ಆಡುವ ಮಾತೇ ಅದು?

"ಗೀತೂ, ಏಳು. ಗಂಜಿ ಕುಡಿ."

"ಎದ್ದೇ ಇದ್ದೀನಿ. ನೀನು ಗುಡಿಸೋ ಸದ್ದಿಗೆ ಯಾರಿಗೆ ನಿದ್ದೆ ಬರ್ತದೆ? ಅಂಗಳದ ಚರ್ಮ ಸುಲಿದುಬಿಟ್ಟೆ."

"ಸಂಜೆ ಒಂದು ಗಂಟು ಹಾಕ್ತೀನಿ. ಮೆತ್ತಗೆ, ಬಟ್ಟೆ ಸುತ್ತಿ."

"ಅವ್ವ."

"ನಿನ್ನಪ್ಪ ಮರದ ಮೇಲಿರ್ತಾನೆ."

ಗೀತು ಕೈಯೂರಿ ನಿಧಾನಕ್ಕೆ ಎದ್ದು ಕೂತಳು. ಕೂದಲು ಒಟ್ಟಾಗಿ ಜಾರಿ ಬೆನ್ನಿಗೆ ಬಿತ್ತು. "ಅಪ್ಪ ಮರ..." ಎಂದು ಬಾಯಿ ತೆರೆದಳು. ನಿಲ್ಲಿಸಿದಳು. "ಅಪ್ಪನೇ ಇರಲಿ ಬಿಡು ಅಂತಲ್ವಾ."

"ಅವನು ಅಂತಾನೆ. ಮಗಳು ಅಂದ್ರೆ ಅವನು ಏನು ಬೇಕಾದ್ರೂ ಅಂತಾನೆ."

"ನಾಳೆ ವಿಷು ಹಬ್ಬದ ಸೇಲಿನ ಫೋಟೋ ಅವ್ವ. ಸೀರೆ ಸೆಕ್ಷನಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದು ಬಸ್‌ಸ್ಟ್ಯಾಂಡಲ್ಲಿ ದೊಡ್ಡ ಬೋರ್ಡು ಹಾಕ್ತಾರೆ. ತಲೆ ಮೇಲೆ ಗಂಟಿನ ಗುರುತು ಬಿದ್ರೆ ನನಗೆ ಮತ್ತೆ ಗೋಡೌನೇ."

"ಮತ್ತೆ ಅಂದ್ರೆ?"

ಗೀತು ಟವೆಲು ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಇನ್ನೊಂದು ರೀತಿ ಮಡಿಸಿದಳು. ಹೋದ ತಿಂಗಳಿಂದ ತಾನು ಸೀರೆ ತೋರಿಸುತ್ತಿಲ್ಲ, ಹಿಂದಿನ ಗೋಡೌನಿನಲ್ಲಿ ಬಟ್ಟೆ ಮಡಿಸುತ್ತಿದ್ದೇನೆ ಎಂದಳು. "ಸೀರೆ ನೋಡೋಕೆ ಬಂದವರು ನಿನ್ನ ತಲೆ ನೋಡಿ ಹೋಗ್ತಾರೆ ಅಂದ್ರು ಓನರ್ ಚೇಚ್ಚಿ. ಎಲ್ಲರೂ ನಕ್ಕರು." ಟವೆಲು ಪಕ್ಕಕ್ಕಿಟ್ಟು, "ನಾನೂ ನಕ್ಕೆ" ಎಂದಳು.

ಹೋದ ತಿಂಗಳೆಲ್ಲ ದಿನಾ ಸಂಜೆ ತಿರುವಿನಿಂದ ಮನೆಯವರೆಗೆ ನಡೆಯುತ್ತ ಇವತ್ತು ಕಾಂಚೀಪುರ ಬಂತು, ಇವತ್ತು ಮದುಮಗಳ ಮನೆಯವರು ಬಂದಿದ್ದರು ಎಂದು ಕಥೆ ಹೇಳಿದವಳು ಇವಳೇ. ಆ ಮದುಮಗಳು, ಅವಳ ಅತ್ತೆ, ಬಣ್ಣ ಒಪ್ಪದೆ ಅವರಿಬ್ಬರಿಗೂ ಆದ ಜಗಳ, ಎಲ್ಲವನ್ನೂ ಗೋಡೌನಿನಲ್ಲಿ ಕೂತು ಕಟ್ಟಿದ್ದಳೇ? ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲವಳು ಈಗ ಹೇಳುತ್ತಿರುವುದು ನಿಜವೆಂದು ಹೇಗೆ ನಂಬುವುದು? ನಂಬದಿರಲೂ ಆಗಲಿಲ್ಲ. ಆ ನಗೆ ಚೀರುವಿಗೆ ಗೊತ್ತಿತ್ತು. ಪನಮರಂ ಹತ್ತಿರದ ದೊಡ್ಡ ಮನೆಯೊಂದರಲ್ಲಿ ಅವಳು ಹುಡುಗಿಯಾಗಿ ಕೆಲಸಕ್ಕಿದ್ದಾಗ ಅಡುಗೆಮನೆಗೆ ಕಾಲಿಡುವ ಮುಂಚೆ ತಲೆಗೆ ಬಟ್ಟೆ ಸುತ್ತಿಕೊಳ್ಳಬೇಕಿತ್ತು. ಮನೆಯಮ್ಮ ಬಾಗಿಲಲ್ಲೇ ನಿಂತು ಕಿವಿಯ ಹತ್ತಿರ ಬೆರಳು ಹಾಕಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಸಾರಿನಲ್ಲಿ ಕೂದಲು ಸಿಕ್ಕಿತು. ಮನೆಯಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು: ಉದ್ದಕ್ಕೆ, ನೇರವಾಗಿ, ಸಾರು ತೊಟ್ಟಿಕ್ಕುತ್ತ ತೂಗುತ್ತಿದ್ದ ಕೂದಲು. ಎಲೆಯ ಮುಂದೆ ಕೂತ ಎಲ್ಲರೂ ಆ ಕೂದಲನ್ನು ನೋಡಿದರು, ಆಮೇಲೆ ಚೀರುವಿನ ತಲೆಯನ್ನು ನೋಡಿದರು. ಬಟ್ಟೆಯ ಅಂಚಿನಿಂದ ಹೊರಬಂದ ಅವಳ ಕೂದಲು ಬೆರಳಿಗೆ ಸುತ್ತಿ ಬಿಟ್ಟ ಬಳ್ಳಿಯ ಹಾಗೆ ಸುರುಳಿ ಸುರುಳಿ. ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೂ "ನಿನ್ನದೇ" ಎಂದಳು ಮನೆಯಮ್ಮ. ಯಾರೋ ನಕ್ಕರು. ಚೀರುವೂ ನಕ್ಕಿದ್ದಳು, ನಕ್ಕು, ಸಾರಿನ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಚೆಲ್ಲಿದ್ದಳು.

ಈಗ ಮಗಳ ತಲೆಯ ಮೇಲೆ ಬಂದು ಕೂತಿರುವುದು ಅದೇ ಕೂದಲು ಎಂದು ಅನ್ನಿಸಿತು. ಸಾರಿನಲ್ಲಿ ಸಿಕ್ಕಿದ್ದ ಕೂದಲು.

ಮಗಳ ಗುಂಗುರನ್ನು ಪಳಗಿಸಲು ಚೀರುವೇನು ಕಡಿಮೆ ಪಾಡುಪಟ್ಟಿದ್ದಳೇ? ಒಣಗಿದಾಗ ಬಾಚಿದರೆ ಬೆದರಿದ ಬೆಕ್ಕಿನ ಹಾಗೆ ಉಬ್ಬಿ ನಿಲ್ಲುತ್ತಿತ್ತು. ಅದಕ್ಕೆ ದಾಸವಾಳದ ಎಲೆ ನೀರಿನಲ್ಲಿ ಹಿಸುಕಿ, ಲೋಳೆ ತೆಗೆದು, ನೆತ್ತಿಗೆ ಹಾಕಿ, ಮಗುವನ್ನು ಮೊಣಕಾಲ ನಡುವೆ ಸಿಕ್ಕಿಸಿ ಕೂರಿಸಿಕೊಳ್ಳುವುದು. ಬೊಮ್ಮನ್ ಬಿದಿರು ಸೀಳಿ ಮಾಡಿಕೊಟ್ಟ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಸಿಕ್ಕು ಬಿಡಿಸುತ್ತ ಮೇಲಕ್ಕೆ ಬರಬೇಕು, ಇನ್ನೊಂದು ಕೈಯಲ್ಲಿ ಬುಡ ಹಿಡಿದಿರಬೇಕು, ನೋವು ನೆತ್ತಿಗೆ ಹೋಗಬಾರದು. ನೀರು ಆರುವುದರೊಳಗೆ ಹೆಣೆದುಬಿಡಬೇಕು. ಆರಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಸುತ್ತಿ ಗೋಡೆಯ ಸಂದಿಗೆ ತುರುಕಬೇಕು. ಗಾಳಿಗೆ ಬಿಟ್ಟರೆ ಯಾರ ಕೈಗೆ ಹೋಗುತ್ತದೋ. ಐದನೇ ಕ್ಲಾಸಿನ ರಜೆಗೆ ಗೀತು ಹಾಸ್ಟೆಲಿನಿಂದ ಬೋಳು ತಲೆಯಲ್ಲಿ ಬಂದಳು. ಹೇನು ಎಂದು ಎಲ್ಲ ಹುಡುಗಿಯರದ್ದೂ ಬೋಳಿಸಿದ್ದರಂತೆ. ಚೀರು ಮರುದಿನವೇ ಬಸ್ಸು ಹತ್ತಿ ಹೋಗಿ ಮಗಳ ಕೂದಲು ಕೊಡಿ ಎಂದು ಕೇಳಿದಳು. "ಮುಡಿಯೋ?" ಎಂದು ಅಲ್ಲಿನವರು ಮಲಯಾಳದಲ್ಲಿ ಎರಡು ಸಲ ಕೇಳಿದರು, ಕೂದಲನ್ನೇ ಕೇಳುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಸುಟ್ಟ ಗುಂಡಿಯನ್ನು ತೋರಿಸಿದರು. ಸುಟ್ಟದ್ದು ನಿಜವೋ, ತನ್ನನ್ನು ಸಾಗಹಾಕಲು ಬೇರೆ ಯಾವುದೋ ಬೂದಿ ತೋರಿಸಿದರೋ, ಇವತ್ತಿಗೂ ಚೀರುವಿಗೆ ತಿಳಿದಿಲ್ಲ. ಅಲ್ಲಿಂದಲೇ ಎಲ್ಲ ಶುರುವಾಗಿರಬೇಕು. ಇವಳದೊಂದು ಪಾಲು ಅಲ್ಲೆಲ್ಲೋ ಯಾರದೋ ಕೈಯಲ್ಲಿದೆ, ಅವರು ಎಳೆದ ಕಡೆಗೆ ಇವಳು ಹೋಗುತ್ತಾಳೆ.

ಬಿಸಿಲು ಇಳಿಯುವ ಹೊತ್ತಿಗೆ ಕೊಡ ತೆಗೆದುಕೊಂಡು ಹಾಡಿಯ ನಲ್ಲಿಗೆ ಹೋದಳು. ಅಲ್ಲಿ ಅಮ್ಮಾಳು. ಅಮ್ಮಾಳು ತಲೆ ಕಟ್ಟಿದ್ದಳು, ಹುಬ್ಬು ಮೇಲಕ್ಕೆ ಹೋಗುವಷ್ಟು ಬಿಗಿಯಾಗಿ, ಮೇಲೊಂದು ಬಟ್ಟೆಯ ಪಟ್ಟಿ ಸುತ್ತಿ. ಚೀರು ಕೊಡ ಇಡದೆ ನಿಂತಳು. ಹಿಂದೆಲ್ಲ ಜೇನಿನ ಸಂಜೆ ಅಂದರೆ ಇವಳು ಬೇಕೆಂದೇ ಬೇಲಿಯ ಆಚೆ ಕೂದಲು ಬಿಟ್ಟುಕೊಂಡು ಕೂರುತ್ತಿದ್ದಳು, "ನಿಮ್ಮದು ಮೇಲೆ, ನಂದು ಕೆಳಗೆ, ನನಗೇನು ಅತ್ತಿಗೆ?" ಎಂದು ನಗುತ್ತಿದ್ದಳು.

"ಏನು ಅಮ್ಮಾಳು, ಕಣ್ಣು ನೆತ್ತಿಗೆ ಹೋಗೋ ಹಾಗೆ ಕಟ್ಟಿದ್ದಿ?"

"ತಲೆನೋವು ಅತ್ತಿಗೆ."

"ಹೋದ ವರ್ಷವೂ ಇದೇ ಹೊತ್ತಿಗೆ ತಲೆನೋವು."

"ಬರ್ತದಲ್ಲ, ಸೆಕೆಗೆ." ಅಮ್ಮಾಳು ತುಂಬಿದ ಕೊಡದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ಬಗ್ಗಿ ನೋಡಿದಳು. "ಗೀತು ಕಟ್ಟಲ್ಲ ಅಂತಾಳಂತೆ? ಬಿಡಿ ಅತ್ತಿಗೆ, ಪಾಪ. ನಾನು ಕಟ್ಟಿದ್ದೀನಲ್ಲ."

"ನೀನು ಕಟ್ಟಿದ್ರೆ ನನ್ನ ಗಂಡನಿಗೇನು ಬಂತು?"

ಅಮ್ಮಾಳು ಕೊಡ ಎತ್ತಿಕೊಂಡಳು. ಹೋಗುವಾಗ ಅವಳ ಕತ್ತು ನೆಟ್ಟಗೆ, ಗಂಟು ಅಲುಗದ ಹಾಗೆ. ಅಣಕಿಸುತ್ತಿದ್ದಾಳೆ ಎಂದುಕೊಂಡಳು ಚೀರು. ನನ್ನ ಮಗಳು ಬಿಚ್ಚಿಕೊಂಡು ಕೂತಿದ್ದಾಳೆಂದು ಹಾಡಿಗೆಲ್ಲ ಗೊತ್ತಾಗಿದೆ, ಅದಕ್ಕೇ ಇವಳು ಕಟ್ಟಿಕೊಂಡು ನಲ್ಲಿಯ ಹತ್ತಿರ ನಿಂತು ತೋರಿಸುತ್ತಿದ್ದಾಳೆ. ನಾಳೆ ಏನಾದರೂ ಆದರೆ, ನಾನು ತಂಗಿ, ನಾನಾದರೂ ಕಟ್ಟಿದ್ದೆ ಎನ್ನಬಹುದಲ್ಲ.

ವಾಪಸು ಬಂದಾಗ ಗೀತು ನಿದ್ದೆ ಹೋಗಿದ್ದಳು. ರಾತ್ರಿ ಕೂದಲು ಮಡಿಸಿಕೊಳ್ಳುತ್ತದೆಂಬ ಹೆದರಿಕೆಯಲ್ಲಿ ಕಣ್ಣು ಮುಚ್ಚದವಳು ಈಗ ಗೋಡೆಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಚಿಕ್ಕವಳ ಹಾಗೆ. ಅಂಗಳದ ಬೆಳಕು ಹಳದಿಯಿಂದ ಬೂದಿಗೆ ತಿರುಗುತ್ತಿತ್ತು. ಕಾಡಿನಲ್ಲಿ ಆಗಲೇ ಕಪ್ಪಾಗಿರುತ್ತದೆ. ಬೊಮ್ಮನ್ ಒಣ ಎಲೆಯ ಸೂಡಿಗೆ ಬೆಂಕಿ ಹಚ್ಚಿ ಹೊಗೆ ಮಾಡುತ್ತಿರುತ್ತಾನೆ, ಸೊಂಟಕ್ಕೆ ಹಗ್ಗ ಬಿಗಿಯುತ್ತಿರುತ್ತಾನೆ. ಬೋರ್ಡಿನ ಮೇಲಿನ ಫೋಟೋ ಒಂದು ಕಡೆ, ಮರಕ್ಕೆ ಹೊಡೆದ, ಅವನು ಕಾಲೂರುವ ಗೂಟ ಒಂದು ಕಡೆ. ಎಬ್ಬಿಸಿ ಕೇಳಿದರೆ ಬೇಡ ಅನ್ನುತ್ತಾಳೆ. ಕೇಳದಿದ್ದರೆ ಬೇಡ ಅಂದ ಹಾಗಾಗುವುದಿಲ್ಲ. ಉಟ್ಟು ಹಳೆಯದಾದ ಮುಂಡಿನ ಮೆತ್ತನೆ ಅಂಚು ಹರಿದುಕೊಂಡು ಚೀರು ಮಗಳ ಹಿಂದೆ ಮೊಣಕಾಲೂರಿದಳು. ಕೈಗೆ ತೆಗೆದುಕೊಂಡರೆ ಕೂದಲು ನಿಲ್ಲಲಿಲ್ಲ. ಅವಳ ಕೈಗೆ ಗೊತ್ತಿದ್ದ ಕೂದಲು ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು, ಒಂದು ಸುತ್ತು ಸುತ್ತಿದರೆ ಗಂಟು ಕೂರುತ್ತಿತ್ತು. ಇದು ಹಳ್ಳದ ಮೀನಿನ ಹಾಗೆ ಬೆರಳ ಸಂದಿಯಿಂದ ಜಾರಿಕೊಳ್ಳುತ್ತಿತ್ತು. ಬಿಗಿಯಾಗಿ ಸುತ್ತಿದಳು, ಮತ್ತೂ ಬಿಗಿಯಾಗಿ. ಎತ್ತಿ ಕಟ್ಟುವಾಗ ಕತ್ತಿನ ಹಿಂದಿನ ಕುಳಿಯಲ್ಲಿ, ಪಾರ್ಲರಿನವಳ ಇಸ್ತ್ರಿ ಮುಟ್ಟದೆ ಉಳಿದ ಒಂದು ಚೂರು ಕಂಡಿತು. ಬೆರಳುಗುರಿನಷ್ಟು ಜಾಗ, ಅದರಲ್ಲಿ ಒತ್ತಾಗಿ ಸುತ್ತಿಕೊಂಡ ನಾಲ್ಕಾರು ಎಳೆ. ಚೀರು ಉಸಿರು ಹಿಡಿದು ನೋಡಿದಳು. ಯಾರಾದರೂ ಕಂಡರೆ ಇದನ್ನೂ ಸುಟ್ಟುಬಿಡುತ್ತಾರೆ ಎಂದು ಹೆದರಿ, ಅದರ ಮೇಲೆ ನೆಟ್ಟನೆಯ ಕೂದಲನ್ನು ಎಳೆದು ಮುಚ್ಚಿದಳು.

ಗೀತುವಿಗೆ ಎಚ್ಚರವಾಯಿತು. ಕೈ ತಲೆಗೆ ಹೋಯಿತು. "ಕಟ್ಟಿಬಿಟ್ಟೆಯಾ" ಎಂದಳು. ಬೆರಳು ಗಂಟಿನ ಬಟ್ಟೆಯನ್ನು ಹುಡುಕುವುದರೊಳಗೆ ಚೀರು ಮಣಿಕಟ್ಟು ಹಿಡಿದಳು, ಅಂದುಕೊಂಡದ್ದಕ್ಕಿಂತ ಜೋರಾಗಿ. ಬಳೆಯೊಂದು ಒಡೆಯಿತು. ಹೊರಗೆ ಕತ್ತಲು ಅಂಗಳ ದಾಟಿ ಹೊಸಿಲಿಗೆ ಬಂದಿತ್ತು.

"ಬಿಡು ಅವ್ವ. ಗುರುತು ಬಿದ್ದಾಯ್ತು. ಇನ್ನು ಬಿಚ್ಚಿ ಏನು ಮಾಡ್ಲಿ?"

ಅಷ್ಟೇ. ಅತ್ತಿದ್ದರೆ, ಬೈದಿದ್ದರೆ ಸರಿಹೋಗುತ್ತಿತ್ತು. ಗೀತು ಗಾಜಿನ ಚೂರು ಆರಿಸಿ ಎಸೆದು ಬಂದು, ಗಂಟು ಹಾಗೇ ಇಟ್ಟುಕೊಂಡು, ತಾಯಿಗೂ ಬಡಿಸಿ ತಾನೂ ಉಂಡಳು. ಚೀರುವಿನ ಕಡೆ ಒಂದೆರಡು ಸಲ ನೋಡಿದ್ದು ಸಿಟ್ಟಿನಲ್ಲಲ್ಲ, ರೋಗದವರನ್ನು ನೋಡುವ ಹಾಗೆ. ಇಷ್ಟು ಸುಲಭಕ್ಕೆ ಯಾಕೆ ಬಿಟ್ಟಳು? ನನಗೆ ಗೊತ್ತಿಲ್ಲದ ಏನೋ ಒಂದು ಇವಳಿಗೆ ಗೊತ್ತಿದೆ ಎಂಬುದು ಅನ್ನದ ತುತ್ತಿನಲ್ಲಿ ಕಲ್ಲು ಸಿಕ್ಕಿದಂತೆ ಸಿಕ್ಕಿತು. ಉಗುಳಲೂ ಆಗಲಿಲ್ಲ, ಅಗಿಯಲೂ ಆಗಲಿಲ್ಲ.

ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಗಂಡಸರು ಬಂದರು. ಮೊದಲು ಹೊಗೆಯ ವಾಸನೆ, ಆಮೇಲೆ ಕಣ್ಣನ್‌ನ ಕೆಮ್ಮು, ಕೊನೆಗೆ ಜೇನಿನ ಡಬ್ಬ ಹೊತ್ತ ಬೊಮ್ಮನ್. ಬದುಕಿದೆಯಾ ಎಂದುಕೊಂಡಳು ಚೀರು. ತಾನು ಕಟ್ಟಿಸಿದ್ದಕ್ಕೇ ಬದುಕಿದ ಎಂದುಕೊಂಡು ಮಗಳ ಕಡೆ ನೋಡಿದಳು. ಕೈ ತೊಳೆಯಲು ನೀರು ಹೊಯ್ದಳು. ಬೊಮ್ಮನ್ ಎರಡೂ ಅಂಗೈ ಚಾಚಿದ. ಅಂಗೈಗಳ ಅಡ್ಡಕ್ಕೆ ಕೆಂಪಗೆ, ಚರ್ಮ ಸುಲಿದ ಒಂದು ಗೆರೆ. ಹೋದ ವರ್ಷವೂ ಈ ಗೆರೆಗೆ ಅರಿಸಿನ ಹಚ್ಚಿದ್ದಳು, ಅದರ ಹಿಂದಿನ ವರ್ಷವೂ. ಮರ ತರಚಿದ್ದು ಎಂದಿದ್ದ. ಈಗ ನೀರು ಹೊಯ್ಯುತ್ತ ನೋಡಿದಳು: ಮರ ತರಚಿದರೆ ಎದೆ ತರಚುತ್ತದೆ, ಮೊಣಕಾಲು ತರಚುತ್ತದೆ. ಅವನ ಎದೆ ಸ್ನಾನ ಮಾಡಿ ಬಂದವನ ಹಾಗಿತ್ತು. ಮುಖದಲ್ಲಿ ಒಂದು ಕೊಂಡಿಯ ಗಾಯವೂ ಇಲ್ಲ. ಜಗಲಿಯ ಕಂಬಕ್ಕೆ ಒರಗಿದ ಕಣ್ಣನ್‌ನ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ಮೊಣಕಾಲಿನ ಕೆಳಗೆ ತೊಗಟೆ ಉಜ್ಜಿದ ರಕ್ತ ಒಣಗಿತ್ತು, ಕೂದಲಲ್ಲಿ ಮೇಣ ಅಂಟಿತ್ತು. ನೀರಿನ ಚೊಂಬು ಅವಳ ಕೈಯಲ್ಲಿ ನಿಂತಿತು.

ಬೇಲಿ ದಾಟಿ ಅಮ್ಮಾಳು ಓಡಿಬಂದಳು. ಗಂಡನ ಬೆನ್ನಿನಲ್ಲಿ ಮುರಿದು ಉಳಿದ ಕೊಂಡಿಗಳನ್ನು ಉಗುರಿನಿಂದ ಕಿತ್ತಳು, ಬೈಯುತ್ತ, "ಎಣ್ಣೆ ಹಚ್ಚಿಕೊಂಡು ಹೋಗು ಅಂದ್ರೆ ಕೇಳಲ್ಲ, ಹಂದಿ" ಎನ್ನುತ್ತ. ಕಿತ್ತು ಮುಗಿದ ಮೇಲೆ ಅವನು ಅಂಗಳಕ್ಕಿಳಿದು ಕಾಲು ಚಾಚಿ ಸರಿಯಾಗಿ ಕೂತನೆಂದು ನೋಡಿಕೊಂಡಳು. ಆಮೇಲೆ ಎಲ್ಲರೆದುರಿಗೇ, ಕೈ ಹಿಂದಕ್ಕೆ ಒಯ್ದು ಬಟ್ಟೆಯ ಪಟ್ಟಿ ಎಳೆದು, ತಲೆ ಕೊಡವಿದಳು. ಕೂದಲು ಉಬ್ಬಿ ಹೆಗಲ ತುಂಬ ಬಿತ್ತು. ಕೊಡವಿದ ಮೇಲೇ ಅವಳಿಗೆ ಚೀರು ಅಲ್ಲಿದ್ದಾಳೆಂದು ನೆನಪಾದದ್ದು.

ಬೊಮ್ಮನ್ ಡಬ್ಬದ ಮುಚ್ಚಳ ತಿರುಗಿಸುತ್ತಿದ್ದ. ಕಣ್ಣನ್ ತೆರೆದಿದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡ. ಇವರೆಲ್ಲರಿಗೂ ಗೊತ್ತು. ತಮ್ಮನಿಗೆ, ನಾದಿನಿಗೆ, ಹಾಡಿಯ ಹೆಂಗಸರಿಗೆಲ್ಲ ಗೊತ್ತಿರಬೇಕು. ಬೇಸಿಗೆ ಬೇಸಿಗೆಗೂ ತಾನು ನೆತ್ತಿ ಸಿಡಿಯುವ ಹಾಗೆ ಕಟ್ಟಿಕೊಂಡು ಕೂತದ್ದು ಮರದ ಬುಡದಲ್ಲಿ ನಿಂತವನಿಗಾಗಿ. ಪಕ್ಕದಲ್ಲಿ ಗೀತು ಬಂದು ನಿಂತಳು.

"ಅಪ್ಪನ ಕಾಲು ನಡುಗ್ತದೆ ಅವ್ವ," ಎಂದಳು ಪಿಸುದನಿಯಲ್ಲಿ. "ಹತ್ತೋಕಾಗಲ್ಲ. ಹೋದ ವರ್ಷ ನನಗೆ ಹೇಳ್ತು. ನಿನಗೆ ಹೇಳಬೇಡ ಅಂತು."

"ಯಾಕೆ?"

"ಹೇಳಿದ್ರೆ ನೀನು ತಲೆ ಕಟ್ಟಿ ಕಾಯೋದು ನಿಂತುಹೋಗ್ತದಂತೆ."

ಚೀರು ಗಂಡನ ಎದುರು ಹೋಗಿ ನಿಂತಳು. "ಮರ ಎತ್ತರ ಇತ್ತಾ?" ಎಂದಳು.

"ಇತ್ತು," ಎಂದ ಬೊಮ್ಮನ್, ಡಬ್ಬಕ್ಕೆ ಹೇಳುವವನ ಹಾಗೆ. ಆಮೇಲೆ ತಲೆ ಎತ್ತಿದ. ಅವಳ ಮುಖ ನೋಡಲಿಲ್ಲ, ಅದರ ಮೇಲಕ್ಕೆ, ಗಂಟನ್ನು ನೋಡಿದ. ಇನ್ನೂ ಇದೆಯೇ ಎಂದು ನೋಡಿದನೋ, ಇವಳಿಗೆ ತಿಳಿದಿದೆಯೇ ಎಂದು ನೋಡಿದನೋ.

ಬಸ್ಸಿನ ಹೊತ್ತಾಗಿತ್ತು. ಗೀತು ಚೀಲ ಹೆಗಲಿಗೆ ಹಾಕಿಕೊಂಡು ತನ್ನ ಗಂಟು ಬಿಚ್ಚಿದಳು. ಕೂದಲು ಇಳಿದುಬಿತ್ತು, ಕತ್ತಿನ ಎತ್ತರದಲ್ಲಿ ಅಡ್ಡಕ್ಕೆ ಒಂದು ಮಡಿಕೆ, ಅಂಗೈಯ ಮೇಲಿನ ಹಗ್ಗದ ಗೆರೆಯ ಹಾಗೆ. ಅವಳು ಕನ್ನಡಿ ಕೇಳಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿದಳು. "ಗೋಡೌನಲ್ಲಿ ಫ್ಯಾನ್ ಅದೆ," ಎಂದಳು. "ಸೀರೆ ಸೆಕ್ಷನ್ ಸೆಕೆ." ಹೊಸಿಲ ಮೇಲೆ ಕೂತಿದ್ದ ಚೀರುವಿನ ಹಿಂದೆ ಬಂದು ನಿಂತಳು. ಅಮ್ಮಾಳು ಬಿಚ್ಚಿಯಾಗಿತ್ತು, ತಾನು ಬಿಚ್ಚಿಯಾಗಿತ್ತು, ಉಳಿದದ್ದು ಇದೊಂದೇ.

"ನಿಂದೂ ಬಿಚ್ಚಲಾ ಅವ್ವ? ನೋಯ್ತಿರ್ತದೆ."

ಮಗಳ ಬೆರಳು ಆಗಲೇ ಗಂಟಿನ ಮೇಲಿತ್ತು. ಅಂಗಳದಾಚೆ ಬೊಮ್ಮನ್ ಜೇನಿನ ಹುಟ್ಟಿನ ಚೂರು ಕೈಯಲ್ಲಿ ಹಿಡಿದು, ತಿನ್ನದೆ, ಅದೇ ಕಡೆ ನೋಡುತ್ತಿದ್ದ. ಚೀರು ಕೈ ಎತ್ತಿ ಮಗಳ ಬೆರಳು ಹಿಡಿದಳು, ಈ ಸಲ ಮೆತ್ತಗೆ.

"ಇರು," ಎಂದಳು. "ಅವನಿನ್ನೂ ಮರ ಇಳಿದಿಲ್ಲ."